ಗಿನಿಪಿಗ್ಗಿನ ಗೊರಗೊರ ಉಸಿರು

ಕಳೆದ ಮಾಘಮಾಸದಲ್ಲಿ ನಿಪ್ಪಾಣಿಯ ಓರ್ವ ಗೃಹಸ್ಥರು ಈ ಪುಟಕ್ಕೆ ಬರೆದ ಪತ್ರದ ಸಾರಾಂಶವಿಷ್ಟು: ಮಗಳ ಹಟಕ್ಕೆ ಸೋತು ಅವರು ದೀಪಾವಳಿಯ ಸಮಯದಲ್ಲಿ ಕೊಲ್ಲಾಪುರದಿಂದ ಎರಡು ಗಿನಿಪಿಗ್ಗುಗಳನ್ನು ಕೊಂಡುತಂದರು. ಒಂದು ಕಂದು ಬಣ್ಣದ್ದು, ಇನ್ನೊಂದು ಬಿಳಿಯದು. ಮೂರು ವಾರಗಳಿಂದೀಚೆಗೆ ಕಂದು ಬಣ್ಣದ್ದು ಉಸಿರಾಡುವಾಗ ಹುಕ್ಕಾ ಸೇದಿದಂತೆ ಗೊರಗೊರ ಸಪ್ಪಳ ಮಾಡುತ್ತಲಿದೆ. ದಿನಕ್ಕೆ ಹತ್ತಾರು ಸಲ ಸೀನುತ್ತದೆ. ಮಾರಿದ ಅಂಗಡಿಯವನನ್ನು ವಿಚಾರಿಸಲು, “ಅದು ಅಲರ್ಜಿ, ತಾನಾಗಿಯೇ ಹೋಗುತ್ತದೆ” ಎಂದನಂತೆ. ಬಿಳಿಯದು ಮಾತ್ರ ಸಪ್ಪಳವಿಲ್ಲದೆ ಶಾಂತವಾಗಿದೆ. “ಪ್ರಾಣಿಗಳಿಗೂ ಅಲರ್ಜಿಯಾಗುವುದುಂಟೆ? ಆಗುವುದಾದರೆ ಮಗುವಿಗೆ ಕೊಡುವ ನೆಗಡಿಯ ಔಷಧವನ್ನೇ ಎರಡು ಹನಿ ಕೊಡಬಹುದೆ?” ಎಂಬುದು ಅವರ ಪ್ರಶ್ನೆ.

ಔಷಧ ಕೊಡಬೇಡಿರೆಂದು ಅಂದೇ ಉತ್ತರ ಬರೆದೆನು. ನಾನು ಪಶುವೈದ್ಯನಲ್ಲ, ಬಹುಕಾಲದಿಂದ ಮನೆಯಲ್ಲಿ ಪ್ರಾಣಿಗಳನ್ನು ಸಾಕುತ್ತ, ಪಶುವೈದ್ಯರಾದ ಸ್ನೇಹಿತರ ಹತ್ತಿರ ಕೇಳಿ ಕಲಿತವನಷ್ಟೆ. ಆದರೆ ಉಸಿರಿನ ಸಪ್ಪಳವನ್ನು ಕಾಗದದ ಮೇಲೆ ಓದಿ ತಿಳಿಯುವಂತಿಲ್ಲ. ಚಿಕ್ಕೋಡಿಯಿಂದ ನಿಪ್ಪಾಣಿಗೆ ಮೋಟಾರಿನಲ್ಲಿ ತಾಸಿನೊಳಗಿನ ಹಾದಿಯಾದ್ದರಿಂದ, ಆ ವಾರವೇ ಹೋಗಿ ಕಣ್ಣಾರೆ ನೋಡಿ ಬಂದೆನು.

ವಾಚಕರಲ್ಲಿ ಹಲವರಿಗೆ ಈ ಪ್ರಾಣಿಯ ಪರಿಚಯವಿರಲಾರದಾದಕಾರಣ ಎರಡು ಮಾತು ಹೇಳುವೆನು. ಹೆಸರಿನಲ್ಲಿ ಪಿಗ್ ಎಂದಿದ್ದರೂ ಇದು ಹಂದಿಯ ಜಾತಿಯದಲ್ಲ. ಗಿನಿ ಎಂಬ ಆಫ್ರಿಕೆಯ ದೇಶಕ್ಕೂ ಇದಕ್ಕೂ ಸಂಬಂಧವಿಲ್ಲ. ಇಲಿ, ಅಳಿಲುಗಳಂತೆ ಬಾಚಿಹಲ್ಲುಗಳಿಂದ ಕಡಿಯುವ ವರ್ಗಕ್ಕೆ ಸೇರಿದ, ಬಾಲವಿಲ್ಲದ, ಒಂದು ಸೇರಿನ ಆಸುಪಾಸು ತೂಗುವ ಸಾಧುಪ್ರಾಣಿ. ದಕ್ಷಿಣ ಅಮೇರಿಕೆಯ ಆಂಡಿಸ್ ಪರ್ವತಗಳು ಇದರ ತವರು. ಪೆರು ಮೊದಲಾದ ದೇಶಗಳಲ್ಲಿ ಸಾವಿರಾರು ವರ್ಷಗಳಿಂದ ಇದನ್ನು ಮನೆಯಲ್ಲಿ ಸಾಕುತ್ತಾರೆ, ನಮ್ಮಲ್ಲಿ ಕೋಳಿ ಸಾಕಿದಂತೆ, ಅಡಿಗೆಗೆ. ತಂಪು ನಾಡಿನ ಈ ಜೀವಿಗೆ ಅಥಣಿ, ರಾಯಬಾಗಗಳ ವೈಶಾಖದ ಬಿಸಿಲು ಕೇವಲ ಕಷ್ಟವಲ್ಲ, ಪ್ರಾಣಾಂತಿಕವೇ ಆಗಬಲ್ಲದು. ಕೋಣೆಯ ಉಷ್ಣತೆ 27 ಅಂಶಗಳನ್ನು ದಾಟಿತೆಂದರೆ ಎಚ್ಚರವಿರಬೇಕು. ಬೇಸಗೆಯಲ್ಲಿ ಇದು ಏದುಸಿರು ಬಿಡುತ್ತಿದ್ದರೆ ಮೊದಲು ನೆನೆಯಬೇಕಾದದ್ದು ಅಲರ್ಜಿಯನ್ನಲ್ಲ, ಬಿಸಿಲನ್ನು.

ಮುಖ್ಯವಾಗಿ ತಿಳಿಯಬೇಕಾದ ಇನ್ನೊಂದು ಸಂಗತಿಯುಂಟು. ನಮಗೆ ಮೂಗು ಕಟ್ಟಿದರೆ ಬಾಯಿಂದ ಉಸಿರಾಡಿ ರಾತ್ರಿ ಕಳೆಯುತ್ತೇವೆ. ಗಿನಿಪಿಗ್ಗಿಗೆ ಆ ಅನುಕೂಲವಿಲ್ಲ. ಅದರ ಗಂಟಲಿನ ರಚನೆಯಿಂದಾಗಿ ಅದು ಮೂಗಿನಿಂದಲೇ ಉಸಿರಾಡತಕ್ಕದ್ದು. ಆದ್ದರಿಂದ ಮೂಗಿನಲ್ಲಿ ಸ್ವಲ್ಪ ಧೂಳು ಸೇರಿದರೂ, ಸ್ವಲ್ಪ ಸಿಂಬಳ ಕೂಡಿದರೂ, ಸಪ್ಪಳ ಕೇಳಿಸುತ್ತದೆ. ಬಾಯಿ ತೆರೆದು ಉಸಿರಾಡಹತ್ತಿತೆಂದರೆ ಅದು ಕೊನೆಯ ಗಳಿಗೆಯ ಲಕ್ಷಣವೆಂದೇ ತಿಳಿಯಬೇಕು. ಆಗ ಓದುವ ಕಾಲವಲ್ಲ, ಓಡುವ ಕಾಲ.

ಎಲ್ಲ ಸಪ್ಪಳವೂ ರೋಗವಲ್ಲ. ಸೊಪ್ಪಿನ ಚೀಲದ ಸದ್ದು ಕೇಳಿದೊಡನೆ ಇದು ಸೀಟಿ ಹೊಡೆದಂತೆ ಕೂಗುತ್ತದೆ. ಬೆನ್ನು ಸವರಿದರೆ ಬೆಕ್ಕಿನಂತೆ ಗುರುಗುಟ್ಟುತ್ತದೆ. ಸಿಟ್ಟು ಬಂದರೆ ಹಲ್ಲು ಕಟಕಟಿಸುತ್ತದೆ. ಇವೆಲ್ಲ ಅದರ ಮಾತು. ರೋಗದ ಸಪ್ಪಳಕ್ಕೂ ಮಾತಿಗೂ ಇರುವ ಭೇದವೇನೆಂದರೆ, ಮಾತು ನಿಲ್ಲುತ್ತದೆ, ರೋಗದ ಸಪ್ಪಳವು ಒಂದೊಂದು ಉಸಿರಿಗೂ ಅಂಟಿಕೊಂಡು ಬರುತ್ತದೆ, ಮಲಗಿದಾಗಲೂ ಬಿಡುವುದಿಲ್ಲ.

ನಿಪ್ಪಾಣಿಯ ಆ ಮನೆ ತಂಬಾಕಿನ ವಖಾರಿಗಳಿರುವ ಓಣಿಯಲ್ಲಿದೆ. ಓಣಿಯನ್ನು ಹೊಕ್ಕೊಡನೆ ನನಗೇ ಎರಡು ಸೀನು ಬಂದವು. ಬೀಡಿಯ ತಂಬಾಕಿನ ಎಲೆಯನ್ನು ಒಣಗಿಸಿ, ಬಡಿದು, ಪುಡಿ ಮಾಡಿ, ಜರಡಿ ಹಿಡಿಯುವ ಕೆಲಸ ನಡೆಯುವ ಋತುವಿನಲ್ಲಿ ಅಲ್ಲಿಯ ಗಾಳಿಯೇ ಘಾಟಾಗಿರುತ್ತದೆ. ಊರವರಿಗೆ ರೂಢಿಯಾಗಿ ತಿಳಿಯುವುದಿಲ್ಲ. ಮನೆಯ ಯಜಮಾನರ ತಾಯಿ ಮೂವತ್ತು ವರ್ಷಗಳಿಂದ ವಖಾರಿಯಲ್ಲಿ ಜರಡಿಯ ಕೆಲಸಕ್ಕೆ ಹೋಗುವವರು. ಸಂಜೆ ಬಂದು ಅವರು ಕೆಲಸದ ಸೀರೆಯನ್ನು ನಡುಮನೆಯ ಗೂಟಕ್ಕೆ ತೂಗಹಾಕುವರು. ಆ ಗೂಟದ ಕೆಳಗೇ ಗಿನಿಪಿಗ್ಗುಗಳ ಪಂಜರ. ಪಂಜರದೊಳಗೆ ಕಟ್ಟಿಗೆಯ ಅಡ್ಡೆಯಿಂದ ತಂದ ಗರಗಸದ ಪುಡಿ, ಹಿಟ್ಟಿನಷ್ಟು ಸಣ್ಣದು.

ನಾನು ಕಂದು ಪ್ರಾಣಿಯನ್ನು ಕಿವಿಗೆ ಹಿಡಿದು ಕೇಳುತ್ತಿರುವಾಗ, ಹತ್ತು ವರುಷದ ಆ ಹುಡುಗಿ ಅಜ್ಜಿಯ ಕಡೆಗೆ ತಿರುಗಿ, “ಆಯೀ, ಇದಕ್ಕೂ ನಿನ್ನಂಗಽ ದಮ್ಮ ಹತ್ತೇತಿ ನೋಡ” ಎಂದಿತು. ಅಜ್ಜಿ ನಕ್ಕರು. ನಗು ಕೆಮ್ಮಾಗಿ, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. “ನನ್ನದು ಬಿಡ್ರೀ ಸಾಹೇಬ್ರ, ಅದು ಹಳೇದು. ಈ ಮೂಕ ಜೀವದ್ದು ನೋಡ್ರಿ” ಎಂದರು.

ನೋಡಿದೆನು. ಕಂದು ಬಣ್ಣದ್ದರ ಮೂಗು ಒದ್ದೆಯಾಗಿರಲಿಲ್ಲ, ಕಣ್ಣಂಚಿನಲ್ಲಿ ಪಿಸರಿರಲಿಲ್ಲ. ಕೊತ್ತಂಬರಿಯ ಕಡ್ಡಿ ಮುಂದೆ ಹಿಡಿದರೆ ಕಸಿದುಕೊಂಡಿತು. ಅದರ ಪಕ್ಕೆ ಏರಿಳಿಯುವುದನ್ನು ಗಡಿಯಾರ ಹಿಡಿದು ಎಣಿಸಿದರೆ ಮಿನಿಟಿಗೆ 80. ಸ್ವಸ್ಥ ಪ್ರಾಣಿಯಲ್ಲಿ ಇದು 40ರಿಂದ 100ರವರೆಗೆ ಇರಬಹುದಾದ್ದರಿಂದ ಗಾಬರಿಯಾಗುವಂಥಾದ್ದೇನಿರಲಿಲ್ಲ. ಅಷ್ಟರಲ್ಲಿ ಬಿಳಿಯದು ಮೂಲೆಯಲ್ಲಿ ಕೂದಲು ನೆಟ್ಟಗೆ ಮಾಡಿಕೊಂಡು ಮುದುಡಿ ಕುಳಿತದ್ದು ಕಣ್ಣಿಗೆ ಬಿತ್ತು. ಕೊತ್ತಂಬರಿಯನ್ನು ಮೂಸಿ ಬಿಟ್ಟಿತು. ಹುಡುಗಿ ಜಾಣೆ, ಹೊಸ ವರ್ಷದ ದಿನ ಎರಡನ್ನೂ ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ಶಾಲೆಯ ಪಾಟಿಯ ಹಿಂಬದಿಗೆ ಖಡುವಿನಿಂದ ಬರೆದಿಟ್ಟಿದ್ದಳು: ಕಂದು 560 ಗ್ರಾಂ, ಬಿಳಿ 610. ಅಂದು ತೂಗಿದರೆ ಕಂದು 640 ಆಗಿತ್ತು. ಬಿಳಿ 540ಕ್ಕೆ ಇಳಿದಿತ್ತು. ಬೆಳೆಯಬೇಕಾದ ವಯಸ್ಸಿನಲ್ಲಿ ಒಂಬತ್ತರಲ್ಲೊಂದು ಪಾಲು ತೂಕ ಕರಗಿದ್ದಿತು. ಅದರ ಉಸಿರಿನಲ್ಲಿ ಸಪ್ಪಳವಿರಲಿಲ್ಲ. ಆದರೆ ಪ್ರತಿಯೊಂದು ಉಸಿರಿಗೂ ಪಕ್ಕೆ ಒಳಕ್ಕೆ ಸೆಳೆಯುತ್ತಲಿತ್ತು. ಮನೆಯವರೆಲ್ಲ ಸಪ್ಪಳ ಮಾಡುವುದರ ಚಿಂತೆಯಲ್ಲಿದ್ದರು. ಸಾಯಲು ಹೊರಟದ್ದು ಸುಮ್ಮನಿದ್ದದ್ದು.

ಬೇಟೆಗೆ ಸಿಕ್ಕುವ ಪ್ರಾಣಿಗಳ ಸ್ವಭಾವವೇ ಹೀಗೆ. ಕಾಡಿನಲ್ಲಿ ರೋಗಿ ಎಂದು ತೋರಿಸಿಕೊಂಡದ್ದು ಮೊದಲು ಹಿಡಿಯಲ್ಪಡುತ್ತದೆ. ಆದ್ದರಿಂದ ಅವು ಬೇನೆಯನ್ನು ಕೊನೆಯವರೆಗೂ ಮರೆಮಾಡುತ್ತವೆ. ಈ ಮರೆಯನ್ನು ದಾಟಿ ನೋಡಲು ಗೃಹಸ್ಥರಿಗಿರುವ ಉಪಾಯವೆಂದರೆ ತಕ್ಕಡಿಯೊಂದೇ. ವಾರಕ್ಕೊಮ್ಮೆ ತೂಗಿ ಬರೆದಿಡಿರಿ. ನಾನು ಯಾವ ದುಬಾರಿ ಔಷಧಕ್ಕಿಂತ ಆ ಹುಡುಗಿಯ ಪಾಟಿಯನ್ನು ಹೆಚ್ಚು ನಂಬುವೆನು.

ಬಿಳಿಯದನ್ನು ಅಂದೇ ಮಧ್ಯಾಹ್ನ ಕೊಲ್ಲಾಪುರದ ಪಶುವೈದ್ಯರಲ್ಲಿಗೆ ಒಯ್ದರು. ಫುಪ್ಪುಸದಲ್ಲಿ ಉರಿತ, ಅಂದರೆ ನ್ಯುಮೋನಿಯಾ, ಹಿಡಿದಿತ್ತು. ಗಿನಿಪಿಗ್ಗುಗಳಲ್ಲಿ ಈ ರೋಗವನ್ನು ಹೆಚ್ಚಾಗಿ ಉಂಟುಮಾಡುವದು ಬೊರ್ಡೆಟೆಲ್ಲಾ ಎಂಬ ಸೂಕ್ಷ್ಮಜಂತು. ನ್ಯುಮೋಕಾಕಸ್ ಎಂಬುದು ಇನ್ನೊಂದು. ಮೊಲ, ನಾಯಿ, ಬೆಕ್ಕುಗಳ ಮೂಗಿನಲ್ಲಿ ಬೊರ್ಡೆಟೆಲ್ಲಾ ಯಾವ ತೊಂದರೆಯನ್ನೂ ಕೊಡದೆ ವಾಸಿಸಬಲ್ಲದು, ಗಿನಿಪಿಗ್ಗಿಗೆ ತಗಲಿದರೆ ಮಾತ್ರ ಕೊಲ್ಲುತ್ತದೆ. ಮೊಲವನ್ನೂ ಗಿನಿಪಿಗ್ಗನ್ನೂ ಒಂದೇ ಪಂಜರದಲ್ಲಿ ಇಡಬಾರದೆಂಬುದಕ್ಕೆ ಇದು ಕಾರಣ. ಅಂಗಡಿಗಳಲ್ಲಿ ಹಾಗೆಯೇ ಇಡುತ್ತಾರೆ, ಏನು ಹೇಳೋಣ!

ಇನ್ನು ಅಲರ್ಜಿಯ ಪ್ರಶ್ನೆ. ಪ್ರಾಣಿಗಳಿಗೆ ಅಲರ್ಜಿಯಾಗುವುದುಂಟೆ ಎಂದು ಕೇಳಿದ ಗೃಹಸ್ಥರಿಗೆ ಒಂದು ಸೋಜಿಗವನ್ನು ಹೇಳಬೇಕು. ಈ ರೋಗವನ್ನು ಮನುಷ್ಯನಿಗೆ ಅರ್ಥಮಾಡಿಸಿದ ಪ್ರಾಣಿಗಳಲ್ಲಿ ಗಿನಿಪಿಗ್ಗು ಮುಂಚೂಣಿಯದು. ಅಲರ್ಜಿ ಎಂಬ ಶಬ್ದವನ್ನು 1906ರಲ್ಲಿ ವಿಯೆನ್ನಾದ ವೈದ್ಯ ಪಿರ್ಕೆ ಎಂಬವರು ಹುಟ್ಟಿಸಿದರು. ಒಮ್ಮೆ ಒಂದು ಪರಕೀಯ ವಸ್ತುವಿನ ರುಚಿ ಕಂಡ ದೇಹವು ಎರಡನೆಯ ಸಲ ಅದೇ ವಸ್ತುವಿಗೆ ಅತಿಯಾಗಿ ಕೆರಳುವುದೇ ಇದರ ತಿರುಳು. ಹೀಗೆ ಕೆರಳಿದ ಗಿನಿಪಿಗ್ಗು ಕೆಲವೇ ಮಿನಿಟುಗಳಲ್ಲಿ ಉಸಿರುಗಟ್ಟಿ ಸಾಯುವುದೇಕೆಂಬುದನ್ನು 1910ರಲ್ಲಿ ಅಮೇರಿಕೆಯ ಆವರ್ ಮತ್ತು ಲೂಯಿಸ್ ಎಂಬ ಶೋಧಕರು ತೋರಿಸಿಕೊಟ್ಟರು: ಅದರ ಶ್ವಾಸನಾಳಗಳ ಸುತ್ತಲಿನ ಸ್ನಾಯುಗಳು ಮುಷ್ಟಿ ಹಿಡಿದಂತೆ ಬಿಗಿದು, ಗಾಳಿ ಒಳಗೇ ಸಿಕ್ಕಿಬೀಳುತ್ತದೆ. ಮನುಷ್ಯರ ದಮ್ಮಿನಲ್ಲಿಯೂ ನಾಳಗಳು ಬಿಗಿಯುವುದು ಇದೇ ರೀತಿ. ದಮ್ಮಿನ ಔಷಧಗಳನ್ನು ಪರೀಕ್ಷಿಸುವಲ್ಲಿ ಈ ಸಾಧುಪ್ರಾಣಿ ತೆತ್ತ ಬೆಲೆಯನ್ನು ನಾವು ಲೆಕ್ಕಕ್ಕೆ ಹಿಡಿದವರಲ್ಲ.

ಆದರೆ ಪ್ರಯೋಗಶಾಲೆಯಲ್ಲಿ ಬೇಕೆಂದೇ ಮಾಡಿದ್ದು ಬೇರೆ, ಮನೆಯ ಪಂಜರದಲ್ಲಿ ತಾನಾಗಿ ಆಗುವುದು ಬೇರೆ. ಮನೆಯ ಗಿನಿಪಿಗ್ಗು ಗೊರಗುಟ್ಟಿದರೆ ಪಶುವೈದ್ಯರು ಮೊದಲು ಸೋಂಕನ್ನು ಹುಡುಕುತ್ತಾರೆ. ಅದಿಲ್ಲವೆಂದಾದರೆ ಧೂಳು, ಹೊಗೆ, ಮೂತ್ರದ ಘಾಟುಗಳನ್ನು. ಮುದಿಪ್ರಾಣಿಯಾದರೆ ಹೃದಯದ ದೌರ್ಬಲ್ಯವನ್ನು, ಬೆಳೆದ ಹಲ್ಲುಗಳ ಬೇರನ್ನು. ಇಷ್ಟೆಲ್ಲ ಕಳೆದು ಉಳಿದದ್ದಕ್ಕೆ ಅಲರ್ಜಿಯೆಂದು ಹೆಸರಿಡಬಹುದು. ಅಂಗಡಿಯವನು ಕೊನೆಗೆ ಹೇಳಬೇಕಾದ ಮಾತನ್ನು ಮೊದಲೇ ಹೇಳಿದನು. ಅದರಿಂದ ಕೇಡಾದದ್ದು ಯಾವುದರಿಂದೆಂದರೆ, ‘ಅಲರ್ಜಿ’ ಎಂದೊಡನೆ ಮನೆಯವರ ಮನಸ್ಸು ಹಗುರಾಗಿ ಮೂರು ವಾರ ಕಳೆದುಹೋದವು.

ಕಂದು ಪ್ರಾಣಿಯದು ಧೂಳಿನ ಕೆರಳಿಕೆಯೇ ಎಂದು ಕೊಲ್ಲಾಪುರದ ವೈದ್ಯರೂ ಹೇಳಿದರು. ಗರಗಸದ ಪುಡಿಯನ್ನೆಲ್ಲ ಸುರಿದು, ಕೆಳಗೆ ವೃತ್ತಪತ್ರಿಕೆ, ಮೇಲೆ ಒಗೆದ ಹಳೆಯ ಧೋತರದ ಮಡಿಕೆ ಹಾಸಿದೆವು. ದಿನಾಲು ಬದಲಿಸತಕ್ಕದ್ದು, ಏಕೆಂದರೆ ಒದ್ದೆಯಾದ ಹಾಸಿಗೆಯಿಂದೇಳುವ ಅಮೋನಿಯಾದ ಘಾಟು ಮೂಗಿನ ಒಳಪೊರೆಯನ್ನು ಸುಡುತ್ತದೆ, ಆಮೇಲೆ ಸೂಕ್ಷ್ಮಜಂತುಗಳಿಗೆ ಬಾಗಿಲು ತೆರೆದಂತೆಯೇ. ದೇವದಾರು ಮೊದಲಾದ ಸುವಾಸನೆಯ ಕಟ್ಟಿಗೆಯ ಹೊಟ್ಟಂತೂ ಸರ್ವಥಾ ಕೂಡದು. ಪಂಜರವನ್ನು ಗೂಟದಿಂದ ದೂರ, ಓಣಿಯ ಕಿಟಕಿಯಿಲ್ಲದ ಹಿಂದಿನ ಕೋಣೆಗೆ ಒಯ್ದೆವು. ಊದಿನಕಡ್ಡಿ, ಸೊಳ್ಳೆಬತ್ತಿ, ಒಗ್ಗರಣೆಯ ಹೊಗೆ ಅಲ್ಲಿಗೆ ತಾಕುವುದಿಲ್ಲ. ಅಜ್ಜಿಯ ಸೀರೆ ಹಿತ್ತಲಿನ ಹಗ್ಗಕ್ಕೆ ಹೋಯಿತು. ಆರನೆಯ ದಿನ ಗೊರಗೊರ ನಿಂತಿತೆಂದು ಕಾಗದ ಬಂದಿತು.

ನಮ್ಮ ಸೀಮೆಯ ಬೇರೆ ಮನೆಗಳಲ್ಲಿ ಧೂಳಿನ ಹೆಸರು ಬೇರೆಯಾಗಬಹುದು. ಕಾಗವಾಡದ ಕಡೆಯ ಓರ್ವ ವಾಚಕರು, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಹಿಂಡಿ ಉಳಿದ ಸಿಪ್ಪೆಯು ಮೆತ್ತಗಿರುತ್ತದೆ, ಪಂಜರಕ್ಕೆ ಹಾಸಬಹುದೆ ಎಂದು ಕೇಳಿದ್ದಾರೆ. ಬೇಡ. ಕೂಡಿಟ್ಟ ಸಿಪ್ಪೆಯಲ್ಲಿ ಕಣ್ಣಿಗೆ ಕಾಣದ ಬೂಷ್ಟು ಬೆಳೆಯುತ್ತದೆ. ಅದರ ಧೂಳಿನಿಂದ ಕೆಲಸಗಾರರಿಗೆ ಫುಪ್ಪುಸದ ರೋಗ ಬರುವುದೆಂದು 1941ರಲ್ಲಿಯೇ ಅಮೇರಿಕೆಯ ಲೂಯಿಸಿಯಾನಾದ ವೈದ್ಯರು ಬರೆದಿಟ್ಟಿದ್ದಾರೆ. ಮನುಷ್ಯನ ಎದೆಗೆ ಒಗ್ಗದ್ದು ಅರ್ಧ ಸೇರಿನ ಪ್ರಾಣಿಗೆ ಒಗ್ಗೀತೆ? ಮಳೆಗಾಲದಲ್ಲಿ ಬಣವಿಯಿಂದ ಹಿರಿದ ಹುಲ್ಲೂ ಹಾಗೆಯೇ: ಮೂಸಿ ನೋಡಿದಾಗ ಮುಗ್ಗಲು ವಾಸನೆ ಬಂದರೆ, ಝಾಡಿಸಿದಾಗ ಬೂದಿಯಂತೆ ಪುಡಿ ಎದ್ದರೆ, ಅದು ದನಕ್ಕೂ ಒಳ್ಳೆಯದಲ್ಲ. ಅಥಣಿಯಲ್ಲಿ ಚಪ್ಪಲಿ ಹೊಲಿಯುವ ಮನೆಗಳಲ್ಲಿ ಅಂಟಿನ ವಾಸನೆಯಿಂದ ಪಂಜರವನ್ನು ದೂರವಿಡಬೇಕೆಂದು ಬೇರೆ ಹೇಳಬೇಕಾಗಿಲ್ಲ.

ರಾಯಬಾಗದಿಂದ ಬಂದ ಪತ್ರವೊಂದು ನನ್ನನ್ನು ಬಹಳ ನೋಯಿಸಿತು. ಗಿನಿಪಿಗ್ಗು ಸೀನುತ್ತಿತ್ತು, ಮಗನ ಕೆಮ್ಮಿಗೆ ಬರೆದುಕೊಟ್ಟ ಅಮಾಕ್ಸಿಸಿಲಿನ್ ಪಾನಕ ಸೀಸೆಯಲ್ಲಿ ಉಳಿದಿತ್ತು, ಪ್ರೀತಿಯಿಂದಲೇ ದಿನಕ್ಕೆ ಎರಡು ಸಲ ಕೊಟ್ಟರು. ನಾಲ್ಕನೆಯ ದಿನ ಅದು ಭೇದಿಯಾಗಿ ಸತ್ತಿತು. “ಔಷಧ ಕೊಡಲು ತಡಮಾಡಿದೆವೆ?” ಎಂದು ಕೇಳಿದ್ದಾರೆ. ಆ ತಾಯಿಗೆ ಬೇರೆಯಾಗಿ ಬರೆದಿದ್ದೇನೆ. ಆದರೆ ಉಳಿದವರಿಗಾಗಿ ಸ್ಪಷ್ಟವಾಗಿ ಹೇಳದೆ ಇರಲಾರೆನು. ಗಿನಿಪಿಗ್ಗಿನ ದೊಡ್ಡ ಕರುಳಿನಲ್ಲಿ ಹುಲ್ಲನ್ನು ಪಚನ ಮಾಡಿಸುವ ಹಿತಕರ ಸೂಕ್ಷ್ಮಜೀವಿಗಳ ಒಂದು ಊರೇ ಇರುತ್ತದೆ. ಪೆನಿಸಿಲಿನ್ ಮತ್ತು ಅದರ ಬಳಗದ ಔಷಧಗಳು ಆ ಊರನ್ನು ಹಾಳುಗೆಡವುತ್ತವೆ. ಆಗ ಕ್ಲಾಸ್ಟ್ರಿಡಿಯಂ ಎಂಬ ವಿಷಕಾರಿ ಜಂತು ತಲೆಯೆತ್ತಿ ಕೊಲ್ಲುತ್ತದೆ. ಪೆನಿಸಿಲಿನ್ನು ಗಿನಿಪಿಗ್ಗಿಗೆ ವಿಷವೆಂದು 1943ರಲ್ಲಿಯೇ ಗೊತ್ತಾಯಿತು. 1940ರ ಮೇ ತಿಂಗಳಲ್ಲಿ ಆಕ್ಸ್‌ಫರ್ಡಿನಲ್ಲಿ ಫ್ಲೋರಿಯವರು ಆ ಔಷಧವನ್ನು ಮೊದಲು ಪರೀಕ್ಷಿಸಿದ್ದು ಬಿಳಿ ಇಲಿಗಳ ಮೇಲೆ, ಅವು ಬದುಕಿದವು. ಗಿನಿಪಿಗ್ಗುಗಳ ಮೇಲೆ ಪರೀಕ್ಷಿಸಿದ್ದರೆ ಪೆನಿಸಿಲಿನ್ನಿನ ಕಥೆ ಅಲ್ಲಿಗೇ ಮುಗಿದುಹೋಗುತ್ತಿತ್ತೋ ಏನೋ! ಅಮಾಕ್ಸಿಸಿಲಿನ್, ಆಂಪಿಸಿಲಿನ್, ಕ್ಲಿಂಡಾಮೈಸಿನ್, ಎರಿಥ್ರೊಮೈಸಿನ್ ಇವು ಯಾವುದನ್ನೂ ಇದರ ಬಾಯಿಗೆ ಹಾಕಕೂಡದು. ಇದಕ್ಕೆ ಸಲ್ಲುವ ಬೇರೆ ಔಷಧಗಳುಂಟು. ತೂಕ ನೋಡಿ ಪ್ರಮಾಣ ಹೇಳುವ ವೈದ್ಯರ ಕೈಯಿಂದಲೇ ಅವು ಬರಬೇಕು. ತಾಲೂಕಿನ ಪಶುಚಿಕಿತ್ಸಾಲಯದಲ್ಲಿ ಎಮ್ಮೆ, ಎತ್ತುಗಳೇ ಹೆಚ್ಚಾಗಿ ಬರುವುದರಿಂದ, “ಇದು ಗಿನಿಪಿಗ್ಗು, ಪೆನಿಸಿಲಿನ್ ಸಲ್ಲದಂತೆ” ಎಂದು ನಾವಾಗಿ ನೆನಪು ಮಾಡಿಕೊಡುವುದರಲ್ಲಿ ಅವಿನಯವೇನಿಲ್ಲ.

ಮನೆಯಲ್ಲಿಯೇ ಕೊಡಬಹುದಾದ ಮದ್ದು ಒಂದುಂಟು, ಅದು ಸಂತೆಯಲ್ಲಿ ದೊರೆಯುತ್ತದೆ. ನಮ್ಮಂತೆಯೇ ಗಿನಿಪಿಗ್ಗಿನ ದೇಹವೂ ಜೀವಸತ್ವ ‘ಸಿ’ಯನ್ನು ತಾನೇ ತಯಾರಿಸಲಾರದು, ಇಲಿ, ನಾಯಿ, ಆಕಳುಗಳು ತಯಾರಿಸಬಲ್ಲವು. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರಲಿಕ್ ಎಂಬವರು ಬರಿಯ ಕಾಳು ತಿನ್ನಿಸಿದ ಗಿನಿಪಿಗ್ಗುಗಳಿಗೆ ನಾವಿಕರ ಸ್ಕರ್ವಿ ರೋಗವೇ ಬರುವುದನ್ನು ಕಂಡರು. ಜೀವಸತ್ವ ‘ಸಿ’ಯ ಶೋಧಕ್ಕೆ ಅಲ್ಲಿಂದ ಹಾದಿಯಾಯಿತು. ಈ ಸತ್ವ ಕಡಿಮೆಯಾದ ಪ್ರಾಣಿಗೆ ಸೋಂಕು ಬೇಗ ಹಿಡಿಯುತ್ತದೆ. ಅಂಗಡಿಯ ಒಣ ತಿನಿಸಿನಲ್ಲಿ ಬೆರೆಸಿದ ಸತ್ವವು ಕೆಲವು ತಿಂಗಳಲ್ಲೇ ಇಲ್ಲವಾಗುತ್ತದೆಯಾದ್ದರಿಂದ ಚೀಲದ ಮೇಲಿನ ಬರಹವನ್ನು ನಂಬಿ ಕೂಡ್ರಬಾರದು. ದಿನಕ್ಕೊಂದು ಹೋಳು ದೊಣ್ಣೆ ಮೆಣಸಿನಕಾಯಿ, ನಾಲ್ಕು ಕಡ್ಡಿ ಕೊತ್ತಂಬರಿ, ಒಮ್ಮೊಮ್ಮೆ ಪೇರಲದ ಚೂರು, ಸಿಕ್ಕರೆ ಬೆಟ್ಟದ ನೆಲ್ಲಿಯ ಚೂರು. ಇವುಗಳ ಜೊತೆಗೆ ಸದಾಕಾಲ ಶುಭ್ರವಾದ ಹುಲ್ಲು, ಕರಕಿ. ಹಣ್ಣು ಹೆಚ್ಚಾದರೆ ಹೊಟ್ಟೆ ಕೆಡುತ್ತದೆ.

ಅಲರ್ಜಿಯ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಿಬಿಡುವೆನು. ಗಿನಿಪಿಗ್ಗಿಗೆ ಅಲರ್ಜಿಯಾಗುವುದಕ್ಕಿಂತ ಗಿನಿಪಿಗ್ಗಿನಿಂದ ಮನೆಯವರಿಗೆ ಅಲರ್ಜಿಯಾಗುವುದು ಹೆಚ್ಚು ಸಾಮಾನ್ಯ. ಅದರ ಜೊಲ್ಲು, ಮೂತ್ರ, ಚರ್ಮದ ಹೊಟ್ಟು ಇವುಗಳಲ್ಲಿರುವ ಪ್ರೋಟೀನು ಕೆಲವರಿಗೆ ಒಗ್ಗುವುದಿಲ್ಲ. ಕಣ್ಣು ತುರಿಸಿ, ಮೂಗು ಸೋರಿ, ದಮ್ಮುಳ್ಳವರಿಗೆ ದಮ್ಮು ಹೆಚ್ಚಬಹುದು. ಈ ಕಾರಣದಿಂದ ನಿಪ್ಪಾಣಿಯ ಅಜ್ಜಿ ಮಲಗುವ ಕೋಣೆಯಲ್ಲಿ ಪಂಜರವಿಡಕೂಡದೆಂದೂ, ಪಂಜರ ತೊಳೆಯುವ ಕೆಲಸವನ್ನು ಅವರಿಗೆ ಹಚ್ಚಬಾರದೆಂದೂ ಹೇಳಿ ಬಂದಿದ್ದೆನು.

ಅದನ್ನು ಹೇಳುವಾಗ ನನಗೆ ಒಳಗೊಳಗೇ ಸಂಕೋಚವಾಯಿತೆಂಬುದನ್ನು ಒಪ್ಪಿಕೊಳ್ಳುವೆನು. ಎರಡು ಸಣ್ಣ ಪ್ರಾಣಿಗಳನ್ನು ತಂಬಾಕಿನ ಧೂಳಿನಿಂದ ಬಿಡಿಸುವುದಕ್ಕೆ ಐದು ಜನ ಸೇರಿ ಅರ್ಧ ದಿನ ಮನೆಯ ಸಾಮಾನು ಸರಿಸಿದೆವು. ಆ ಧೂಳನ್ನು ಸೀರೆಯಲ್ಲಿ ಹೊತ್ತು ತರುತ್ತಿದ್ದವರು ಅದರೊಳಗೇ ಮೂವತ್ತು ವರ್ಷ ಕುಳಿತಿದ್ದರು. ನಿಪ್ಪಾಣಿಯೆಂದರೆ ಹೊರಗಿನವರಿಗೆ 1981ರಲ್ಲಿ ತಂಬಾಕು ಬೆಳೆಗಾರರು ಹೆದ್ದಾರಿಯಲ್ಲಿ ಕುಳಿತು ನಡೆಸಿದ ಹೋರಾಟ ನೆನಪಾಗುತ್ತದೆ. ವಖಾರಿಯೊಳಗಿನ ಹೆಂಗಸರ ದುಡಿಮೆಯನ್ನು, ಅವರು ಸಂಘ ಕಟ್ಟಿದ್ದನ್ನು, ಯುಗಾಂತರವೆಂಬ ಸ್ತ್ರೀಯರ ಚಿತ್ರಕೂಟವು 1982ರಲ್ಲಿ ‘ತಂಬಾಕು ಚಾಕಿಲಾ ಊಬ ಆಲಿ’ ಎಂಬ ಚಿತ್ರದಲ್ಲಿ ತೋರಿಸಿತು. ಅದನ್ನು ನೋಡಿದವರು ಕಡಿಮೆ. ಹೊರಡುವಾಗ ನಾನು ಯಜಮಾನರನ್ನು ಬದಿಗೆ ಕರೆದು, ಪ್ರಾಣಿಗೆ ತೆಗೆಸಿದ ಎದೆಯ ಚಿತ್ರವನ್ನು ತಾಯಿಗೆ ಯಾವಾಗಲಾದರೂ ತೆಗೆಸಿದ್ದೀರಾ ಎಂದು ಕೇಳಿದೆನು. ಅವರು ಉತ್ತರ ಕೊಡದೆ ನೆಲ ನೋಡಿದರು.

ಬಿಳಿಯದಕ್ಕೆ ಎರಡು ವಾರ ಔಷಧವಾಯಿತು. ತಾನಾಗಿ ತಿನ್ನದಿದ್ದಾಗ ಹುಡುಗಿಯೂ ತಾಯಿಯೂ ಸರದಿಯ ಮೇಲೆ ಎರಡೆರಡು ತಾಸಿಗೊಮ್ಮೆ, ನೆನೆಸಿ ನುರಿದ ತಿನಿಸನ್ನು ಸೂಜಿಯಿಲ್ಲದ ಪಿಚಕಾರಿಯಿಂದ ಬಾಯಿಯ ಪಕ್ಕದಲ್ಲಿ ಮೆಲ್ಲಮೆಲ್ಲನೆ ಹಾಕಿದರು. ಇದು ಔಷಧದಷ್ಟೇ ಮುಖ್ಯ. ಅರ್ಧ ದಿನ ಹೊಟ್ಟೆ ಬರಿದಾಗಿದ್ದರೆ ಇದರ ಕರುಳು ನಿಂತುಹೋಗುತ್ತದೆ, ಆಮೇಲೆ ಫುಪ್ಪುಸ ಗುಣವಾದರೂ ಪ್ರಾಣ ಉಳಿಯದು. ರಾತ್ರಿಯ ಸರದಿಯನ್ನು ಯಾರು ಮಾಡಿದರೆಂದು ಕೇಳಿದ್ದಕ್ಕೆ, ಕೆಮ್ಮಿನಿಂದ ಹೇಗೂ ನಿದ್ದೆ ಬಾರದ ಆಯಿಯೇ ಮಾಡಿದರೆಂದು ಹುಡುಗಿ ಬರೆದಿದ್ದಾಳೆ. ನನ್ನ ಕಟ್ಟಪ್ಪಣೆಯನ್ನು ಅವರು ಹೀಗೆ ಪಾಲಿಸಿದರು!

ಮೊನ್ನೆ ಬಂದ ಕಾರ್ಡಿನಲ್ಲಿ ಅವಳ ದುಂಡು ಅಕ್ಷರಗಳಲ್ಲಿ ಇಷ್ಟಿದೆ: ಕಂದು 860, ಬಿಳಿ 790. ಎರಡಕ್ಕೂ ಸಪ್ಪಳವಿಲ್ಲ. ಬಿಸಿಲಿಗೆ ಪಂಜರದ ಮೇಲೆ ಒದ್ದೆ ಗೋಣಿತಟ್ಟು ಹೊದಿಸುತ್ತೇವೆ. ಆಯಿಯನ್ನು ಅಪ್ಪ ಬುಧವಾರ ದವಾಖಾನಿಗೆ ಕರಕೊಂಡು ಹೋಗಿದ್ದ. ಉಸಿರಿನೊಳಗೆ ಎಳೆದುಕೊಳ್ಳುವ ಔಷಧ ಕೊಟ್ಟಿದ್ದಾರೆ, ಮತ್ತೊಮ್ಮೆ ಬರಲು ಹೇಳಿದ್ದಾರೆ. ಆಯಿಯ ತೂಕವನ್ನೂ ಪಾಟಿಯ ಮೇಲೆ ಬರೆದಿಟ್ಟಿದ್ದೇನೆ.